ಏಳು ಮನೆಯ ಅನ್ನ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಕಾರಿನಲ್ಲಿ ಹೋದವರೆಲ್ಲ ಐಮಂಗಲವನ್ನು ದಾಟಿರುತ್ತೀರಿ, ಆದರೆ ನೋಡಿರುವುದಿಲ್ಲ. ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಹೋಬಳಿ ಕೇಂದ್ರ ಅದು. ಗುಯಿಲಾಳು ಟೋಲ್ ಅಂದ್ರೆ ನೆನಪಾಗಬಹುದು, ಆ ಸೀಮೆ. ಗುಡ್ಡದ ಮೇಲೆ ಗಾಳಿಯಂತ್ರಗಳು, ಕೆಳಗೆ ಶೇಂಗಾ ಮತ್ತು ಈರುಳ್ಳಿ ಹೊಲಗಳು, ಒಂದು ಪೊಲೀಸ್ ತರಬೇತಿ ಶಾಲೆ, ಶರಣ ಹರಳಯ್ಯನವರ ಹೆಸರಿನ ಒಂದು ಮಠ. ನಮ್ಮಪ್ಪನ ಊರು ಅದೇ ಹೋಬಳಿಯ ಒಂದು ಸಣ್ಣ ಹಟ್ಟಿ. ನಾನು ಬೆಳೆದದ್ದೆಲ್ಲ ಬೆಂಗಳೂರಿನಲ್ಲಿ. ಹಬ್ಬಕ್ಕೆ, ಸಾವಿಗೆ, ಮದುವೆಗೆ ಮಾತ್ರ ಊರು.

ಮೂರು ವರ್ಷದ ಹಿಂದೆ ನಾವು ಆಫೀಸಿನ ಎಂಟು ಜನ ಸೇರಿ ಆ ಕಡೆ ಹೋಗೋಕೆ ಶುರು ಮಾಡಿದ್ವಿ. ನಮ್ಮದು ನೋಂದಣಿಯಾದ ಸಂಸ್ಥೆಯೇನಲ್ಲ. ಒಂದು ವಾಟ್ಸ್ಆ್ಯಪ್ ಗುಂಪು, ತಿಂಗಳಿಗೆ ತಲೆಗೆ ಎರಡು ಸಾವಿರ ರೂಪಾಯಿ, ತಿಂಗಳಿಗೊಂದು ಶನಿವಾರ. ನೋಟ್‌ಬುಕ್ಕು, ಸ್ವೆಟರು, ಒಂದಿಷ್ಟು ಇಂಗ್ಲಿಷು, ಒಂದಿಷ್ಟು ಗಣಿತ. ವಾಪಸ್ ಬರುವಾಗ ಹಿರಿಯೂರಲ್ಲಿ ಊಟ, ರಾತ್ರಿ ಗುಂಪಿಗೆ ಫೋಟೋ. ಒಳ್ಳೆಯ ಕೆಲಸ ಮಾಡಿದ ನಿದ್ದೆ ಬರುತ್ತಿತ್ತು.

ಅಲ್ಲಿ ಒಬ್ಬ ಹುಡುಗ ಇದ್ದ. ಏಳನೇ ಕ್ಲಾಸು. ಹೆಸರು ಬರೆಯುವುದಿಲ್ಲ. ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ, ಹೇಳದಿದ್ದರೂ ಬರೆಯುತ್ತಿರಲಿಲ್ಲ. ತಾಯಿ ತೀರಿಕೊಂಡಿದ್ದಳು. ತಂದೆ ಬೋರ್‌ವೆಲ್ ಲಾರಿ ಜೊತೆ ಕೆಲಸಕ್ಕೆ ಹೋದವನು ಮೊದಮೊದಲು ಫೋನ್ ಮಾಡುತ್ತಿದ್ದ, ಆಮೇಲೆ ನಂಬರೇ ಬದಲಾಯಿತು. ಹುಡುಗ ತಾಯಿಯ ತಾಯಿ ಹತ್ತಿರ ಇದ್ದ. ಆ ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ ಬರುತ್ತಿತ್ತು, ಶೇಂಗಾ ಕೀಳುವ ಕಾಲದಲ್ಲಿ ಕೂಲಿ. ಹುಡುಗ ಲೆಕ್ಕದಲ್ಲಿ ಎಷ್ಟು ಚುರುಕು ಅಂದ್ರೆ, ನಮ್ಮ ಗುಂಪಿನ ಡೇಟಾ ಸೈನ್ಸ್ ಗೆಳತಿಗೇ ಅವನನ್ನು ಕಂಡರೆ ಖುಷಿ.

ನಾವು ತೀರ್ಮಾನ ಮಾಡಿಬಿಟ್ಟಿದ್ವಿ. ಇವನನ್ನು ಬೆಂಗಳೂರಿಗೆ ಕರ್ಕೊಂಡು ಬರೋದು, ಒಳ್ಳೆ ಹಾಸ್ಟೆಲ್ ಇರೋ ಶಾಲೆಗೆ ಸೇರಿಸೋದು, ಹತ್ತನೇ ಕ್ಲಾಸಿನವರೆಗೆ ಖರ್ಚು ನಮ್ಮದು. ಸ್ಪ್ರೆಡ್‌ಶೀಟ್ ಕೂಡ ರೆಡಿಯಾಗಿತ್ತು. ಅಜ್ಜಿಗೆ ಹೇಳಬೇಕಿತ್ತಷ್ಟೆ. ಹೇಳಿದ್ವಿ. ಅಜ್ಜಿ ಬೇಡ ಅನ್ನಲಿಲ್ಲ, ಅಳಲಿಲ್ಲ. ಜಗಲಿ ಮೇಲೆ ಶೇಂಗಾ ಸುಲಿಯುತ್ತಾ ಕೂತಿದ್ದವಳು ಕೈ ನಿಲ್ಲಿಸಿ ಒಂದೇ ಮಾತು ಕೇಳಿದಳು.

“ಆಯ್ತು ಕಣಪ್ಪ, ಓದ್ಲಿ. ರಜಕ್ಕೆ ಅವ್ನು ಎಲ್ಲಿಗೆ ಬರ್ಬೇಕು? ಅಷ್ಟೊತ್ತಿಗೆ ನಾನು ಇರ್ತೀನೋ ಇಲ್ವೋ.”

ನಮ್ಮ ಸ್ಪ್ರೆಡ್‌ಶೀಟಿನಲ್ಲಿ ರಜದ ಕಾಲಂ ಇರಲಿಲ್ಲ.

ಆ ರಾತ್ರಿ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಹಾಸ್ಟೆಲ್‌ನಲ್ಲಿ ಓದಿದವರು ಅಂತ ಗೊತ್ತಿತ್ತು, ಅದರ ಬಗ್ಗೆ ಯಾವತ್ತೂ ಕೂತು ಕೇಳಿರಲಿಲ್ಲ. ಅವತ್ತು ಕೇಳಿದೆ. ಅಲ್ಲಿಂದ ಶುರುವಾಗಿದ್ದು ಈ ಓದು. ಅನಾಥ ಮಗುವನ್ನು, ಬಡ ಮಗುವನ್ನು ನಮ್ಮ ನಾಡು ಇಲ್ಲಿಯವರೆಗೆ ಹೇಗೆ ಸಾಕಿದೆ? ಯಾರು ಸಾಕಿದ್ದಾರೆ? ಎಲ್ಲಿ ಸಾಕಿದ್ದಾರೆ? ಇದನ್ನು ತಿಳಿಯದೆ ಒಂದು ಮಗುವನ್ನು ಎತ್ತಿಕೊಂಡು ಬರೋಕೆ ಹೊರಟಿದ್ವಲ್ಲ ಅಂತ ಈಗ ನಾಚಿಕೆಯಾಗುತ್ತದೆ.

ನಮ್ಮ ಸೀಮೆಯಲ್ಲಿ ಈ ಕಥೆ ಬರದಿಂದಲೇ ಆರಂಭವಾಗಬೇಕು. 1876ರಿಂದ 78ರವರೆಗಿನ ದೊಡ್ಡ ಬರ, ಹಳಬರ ಬಾಯಲ್ಲಿ ಧಾತು ಸಂವತ್ಸರದ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. 1881ರ ಗಣತಿಯಲ್ಲಿ ಸುಮಾರು 41.8 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕುಸಿಯಿತು. ಚಿತ್ರದುರ್ಗದಂಥ ಮಳೆ ಕಡಿಮೆಯ ಜಿಲ್ಲೆಗಳಿಗೆ ಪೆಟ್ಟು ಜೋರಾಗಿಯೇ ಬಿತ್ತು. ಬರದಲ್ಲಿ ಅಪ್ಪ ಅಮ್ಮ ಸತ್ತರೆ ಚಿಕ್ಕಪ್ಪ, ಸೋದರಮಾವ ಸಾಕುತ್ತಾರೆ ಅನ್ನುವುದು ಮಾಮೂಲಿ ಕಾಲದ ಮಾತು. ಅವರೂ ಸತ್ತರೆ, ಇಲ್ಲಾ ಊರೇ ಗುಳೆ ಹೋದರೆ? ನೆಂಟಸ್ತನ ಅನ್ನುವ ಬಲೆ ಹರಿದು ಹೋದ ಆ ಕಾಲದಲ್ಲಿ ಮಕ್ಕಳು ರಸ್ತೆಗೆ ಬಿದ್ದರು. ಕ್ರೈಸ್ತ ಮಿಷನ್‌ಗಳ ಅನಾಥಾಲಯಗಳು ಅವರಲ್ಲಿ ಹಲವರಿಗೆ ಊಟ ಕೊಟ್ಟವು, ಅಕ್ಷರ ಕೊಟ್ಟವು, ಮರಗೆಲಸ, ಹೊಲಿಗೆಯಂಥ ಕಸುಬು ಕಲಿಸಿದವು. ಮಗು ಬೆಳೆಯುವ ಜಾಗ ಅಂದರೆ ಮನೆಯಲ್ಲ, ಒಂದು ದೊಡ್ಡ ಕಟ್ಟಡ ಅನ್ನುವ ಕಲ್ಪನೆ ನಮ್ಮ ಕಡೆ ಬೇರು ಬಿಟ್ಟಿದ್ದು ಆಗ.

ಆ ಬರದ ಪಾಠ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ರೂಪದಲ್ಲೂ ಉಳಿದಿದೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಮಾರಿಕಣಿವೆ ಕಟ್ಟೆ, ಅಂದರೆ ವಾಣಿವಿಲಾಸ ಸಾಗರ. 1933ರಲ್ಲಿ ಅದು ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷ ಕಳೆದ ಮೇಲೆ! ಇಂಥ ನೆಲದಿಂದ ಗಂಡಸರು ಬೋರ್‌ವೆಲ್ ಲಾರಿ ಹತ್ತಿ ಹೋಗುವುದರಲ್ಲಿ, ಮಕ್ಕಳು ಅಜ್ಜಿಯರ ಪಾಲಾಗುವುದರಲ್ಲಿ ಆಶ್ಚರ್ಯ ಏನಿದೆ?

ಹಾಗಾದರೆ ಕಟ್ಟಡ ಬರುವ ಮುಂಚೆ ಏನಿತ್ತು? ಓದುವ ಬಡ ಹುಡುಗರಿಗೆ ವಾರಾನ್ನ ಇತ್ತು. ನಿಮ್ಮಲ್ಲಿ ಎಷ್ಟೋ ಜನ ಈ ಪದವನ್ನು ಅಜ್ಜನ ಬಾಯಲ್ಲಿ ಕೇಳಿರುತ್ತೀರಿ. ಹಳ್ಳಿಯಿಂದ ಓದಲು ಪಟ್ಟಣಕ್ಕೆ ಬಂದ ಹುಡುಗ ಏಳು ಮನೆ ಗೊತ್ತು ಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರ ಪೂರ್ತಿ. ಯಾವ ಒಂದು ಮನೆಗೂ ಭಾರವಾಗದ ಹಾಗೆ ಒಂದು ಹೊಟ್ಟೆಯನ್ನು ಏಳು ಮನೆ ಹಂಚಿಕೊಳ್ಳುವ ಏರ್ಪಾಡು. ಸರ್ಕಾರ ಇಲ್ಲ, ಟ್ರಸ್ಟ್ ಇಲ್ಲ, ರಸೀದಿ ಇಲ್ಲ. ಯೋಚನೆ ಮಾಡಿದರೆ ಜಾಣತನದ ವ್ಯವಸ್ಥೆಯೇ.

ಆದರೆ ಉಂಡವರನ್ನು ಕೇಳಬೇಕು. ಎಸ್.ಎಲ್. ಭೈರಪ್ಪನವರು ‘ಭಿತ್ತಿ’ಯಲ್ಲಿ ತಾವು ಮೈಸೂರಿನಲ್ಲಿ ವಾರಾನ್ನದಲ್ಲಿ ಓದಿದ ದಿನಗಳನ್ನು ಬರೆದಿದ್ದಾರೆ. ಬಾಲ್ಯದಲ್ಲೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡ ಹುಡುಗ. ವಾರಾನ್ನದ ಹುಡುಗ ಅಂದರೆ ಮನೆಯವರ ಮುಖ ನೋಡಿ ಹಸಿವು ಅಳೆಯಬೇಕಾದವನು. ಮನೆಯಲ್ಲಿ ಮುಟ್ಟು, ಮೈಲಿಗೆ, ಜಗಳ, ನೆಂಟರು ಏನೇ ಇದ್ದರೂ ಮೊದಲು ತಪ್ಪುವುದು ಅವನ ಊಟ. ಒಂದು ವಾರ ತಪ್ಪಿದರೆ ಆ ದಿನ ಉಪವಾಸ. ಹಾಗಿದ್ದೂ ಕೆಲವು ಮನೆಗಳಲ್ಲಿ ಆ ಹುಡುಗನಿಗೆ ಅಮ್ಮನಂಥ ಒಬ್ಬರು ಸಿಕ್ಕಿಬಿಡುತ್ತಿದ್ದರು. ಎರಡೂ ನಿಜ.

ಇದಕ್ಕಿಂತ ದೊಡ್ಡ ನಿಜ ಇನ್ನೊಂದಿದೆ. ವಾರಾನ್ನದ ಕರುಣೆ ಹೊಸ್ತಿಲವರೆಗೆ ಮಾತ್ರ. ಯಾವ ಜಾತಿಯ ಹುಡುಗ ಯಾವ ಮನೆಯ ಪಂಕ್ತಿಯಲ್ಲಿ ಕೂರಬಹುದು ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ಅದು ಬಹುಪಾಲು ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳು ಮಾಡಿದ ಸಹಾಯ. ಬೇರೆ ಸಮುದಾಯಗಳ ಹುಡುಗರು ಮಠದ ಪ್ರಸಾದವನ್ನೋ ನೆಂಟರ ಮನೆಯನ್ನೋ ನಂಬಬೇಕಿತ್ತು. ದಲಿತ ಹುಡುಗನಿಗೆ ಆ ಪಟ್ಟಣದಲ್ಲಿ ಏಳು ಮನೆ ಎಲ್ಲಿ ಸಿಗಬೇಕು? ಒಂದು ಮನೆಯೂ ಇರಲಿಲ್ಲ. ಐಮಂಗಲದಲ್ಲಿ ಯಾರ ಹೆಸರಿನ ಮಠವಿದೆಯೋ ಆ ಹರಳಯ್ಯ, ಹನ್ನೆರಡನೇ ಶತಮಾನದಲ್ಲಿ ಬ್ರಾಹ್ಮಣ ಮನೆತನದ ಜೊತೆ ಬೀಗತನ ಬೆಳೆಸಿದ್ದಕ್ಕೆ ಜೀವ ತೆತ್ತ ಸಮಗಾರ ಶರಣ. ಆ ಹೊಸ್ತಿಲು ಎಷ್ಟು ಎತ್ತರದ್ದು ಅಂತ ನಮ್ಮ ಊರಿಗೆ ಬೇರೆ ಹೇಳಬೇಕಾಗಿಲ್ಲ.

ಹಾಸ್ಟೆಲ್‌ಗಳು ಹುಟ್ಟಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಾಸರಗೋಡಿನ ಕುದ್ಮುಲ್‌ನವರಾದ ರಂಗರಾಯರು (1859–1928) ಮಂಗಳೂರಿನಲ್ಲಿ ವಕೀಲಿ ಮಾಡಿಕೊಂಡಿದ್ದವರು. ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಓದು, ವಸತಿ, ಕಸುಬು ಎಲ್ಲವನ್ನೂ ಒಂದೇ ಕಡೆ ಸೇರಿಸಿದರು. ಸ್ವಂತ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದರು, ಬಿಡಲಿಲ್ಲ. ಮನೆಗಳು ಬಾಗಿಲು ತೆರೆಯದಿದ್ದರೆ ಬಾಗಿಲೇ ಬೇರೆ ಇರುವ ಒಂದು ಕಟ್ಟಡ ಕಟ್ಟೋಣ ಅನ್ನುವ ಮಾತು ಅದು. ಹೀಗಾಗಿ ನಮ್ಮ ನಾಡಿನಲ್ಲಿ ಹಾಸ್ಟೆಲ್ ಅನ್ನುವುದು ಬರೀ ಮಲಗುವ ಜಾಗ ಆಗಿರಲಿಲ್ಲ. ಪಂಕ್ತಿಭೇದಕ್ಕೆ ಕೊಟ್ಟ ಉತ್ತರವೂ ಆಗಿತ್ತು.

ಆಮೇಲೆ ಒಂದೊಂದೇ ಬಾಗಿಲು ತೆರೆಯುತ್ತಾ ಹೋಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸಮುದಾಯದ ಸಂಘಗಳು ತಮ್ಮ ತಮ್ಮ ಹುಡುಗರಿಗೆ ವಿದ್ಯಾರ್ಥಿ ನಿಲಯ ಕಟ್ಟಿದವು. ಹಿಂದುಳಿದವರ ಓದು, ನೌಕರಿ ಸರ್ಕಾರದ ಜವಾಬ್ದಾರಿ ಅನ್ನುವ ಚರ್ಚೆ ಮೈಸೂರಿನಲ್ಲಿ 1918ರ ಮಿಲ್ಲರ್ ಸಮಿತಿಯೊಂದಿಗೆ ಗಟ್ಟಿಯಾಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ 1941ರಲ್ಲಿ ಮಠಾಧಿಪತಿಗಳಾದ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಅನ್ನ, ಅಕ್ಷರ ಕೊಟ್ಟರು. 2019ರ ಜನವರಿಯಲ್ಲಿ, 111ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅಲ್ಲಿ ಹತ್ತು ಸಾವಿರದಷ್ಟು ಮಕ್ಕಳಿದ್ದರು. 1935ರಲ್ಲಿ ಗೌರಿಬಿದನೂರಿನ ಹೊಸೂರಿನಿಂದ ಒಬ್ಬ ಬಡ ಹುಡುಗ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಬೆಂಗಳೂರಿಗೆ ನಡೆದೇ ಬಂದ. ಬಡ ಹುಡುಗರ ವಸತಿ ನಿಲಯದಲ್ಲಿ ಇದ್ದು ಓದಿದ. ಅವನೇ ಮುಂದೆ ಎಚ್. ನರಸಿಂಹಯ್ಯ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಕುಲಪತಿಯಾದ ಮೇಲೂ ಅವರ ಮನೆ ಅಂದರೆ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೊಠಡಿಯೇ. ಹಾಸ್ಟೆಲ್ ಸಾಕಿದ ಹುಡುಗ ಹಾಸ್ಟೆಲ್ಲಿನ ಹುಡುಗರಿಗೆ ಮನೆಯ ಹಿರಿಯನಾದ.

ಎಪ್ಪತ್ತರ ದಶಕದಲ್ಲಿ ದೇವರಾಜ ಅರಸು ಕಾಲ. 1972ರಲ್ಲಿ ಹಾವನೂರು ಆಯೋಗ, 1975ರಲ್ಲಿ ಅದರ ವರದಿ. ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ತಾಲ್ಲೂಕು ತಾಲ್ಲೂಕಿಗೂ ಹಬ್ಬಿದವು. ನಮ್ಮಪ್ಪ ಈ ಅಲೆಯ ಹುಡುಗ. ಹಟ್ಟಿಯಿಂದ ತಾಲ್ಲೂಕು ಕೇಂದ್ರದ ಸರ್ಕಾರಿ ಹಾಸ್ಟೆಲ್‌ಗೆ 1977ರಲ್ಲಿ ಸೇರಿದವರು. ಅವರು ಸೇರದಿದ್ದರೆ ನಾನು ಇವತ್ತು ಲ್ಯಾಪ್‌ಟಾಪ್ ಮುಂದೆ ಕೂತು ಇದನ್ನು ಬರೆಯುತ್ತಿರಲಿಲ್ಲ. ಎಲ್ಲೋ ಕುರಿ ಕಾಯುತ್ತಿದ್ದೆನೋ, ನಾನೂ ಒಂದು ಬೋರ್‌ವೆಲ್ ಲಾರಿ ಹತ್ತಿರುತ್ತಿದ್ದೆನೋ. ಆದ್ದರಿಂದ ಹಾಸ್ಟೆಲ್ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನನಗಿಲ್ಲ.

ಆ ರಾತ್ರಿ ಅಪ್ಪ ಹೇಳಿದ್ದು ಮಾತ್ರ ಬೇರೆ. “ಹಾಸ್ಟೆಲ್ ನನ್ನನ್ನ ಮನುಷ್ಯನ್ನ ಮಾಡ್ತು, ಸುಳ್ಳಲ್ಲ. ಆದ್ರೆ ನಿಮ್ಮಜ್ಜಿ ಸಂತೆ ದಿನ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಕೊಂಡು ಗೇಟ್ ಹತ್ರ ಬರೋಳು. ಅದಕ್ಕೇ ನಾನು ಅಲ್ಲಿ ಇರೋಕಾಯ್ತು. ನಮ್ ರೂಮಲ್ಲಿ ಒಬ್ಬ ಇದ್ದ, ಅವ್ನಿಗೆ ಯಾರೂ ಬರ್ತಿರ್ಲಿಲ್ಲ. ದಸರಾ ರಜ ಅಂದ್ರೆ ನಾವೆಲ್ಲ ಕುಣಿಯೋದು, ಅವ್ನು ಟ್ರಂಕ್ ಮೇಲೆ ಸುಮ್ನೆ ಕೂರೋದು. ಹಾಸ್ಟೆಲ್ ಬಾಗ್ಲು ಹಾಕಿದ್ಮೇಲೆ ಅವ್ನು ಎಲ್ಲಿಗೆ ಹೋಗ್ತಾನೆ ಅಂತ ಯಾರೂ ಕೇಳ್ತಿರ್ಲಿಲ್ಲ. ಕೊನೆಗೆ ಅಡುಗೆಯಣ್ಣ ತನ್ ಮನೆಗೆ ಕರ್ಕೊಂಡು ಹೋಗ್ತಿದ್ದ.”

“ಆಮೇಲೆ ಅವ್ರು ಏನಾದ್ರು ಅಪ್ಪಾ?”

“ಗೊತ್ತಿಲ್ಲ ಮಗಾ. ಎಸ್ಸೆಸ್ಸೆಲ್ಸಿ ಆದ್ಮೇಲೆ ಕಾಣ್ಲೇ ಇಲ್ಲ.”

ಅಜ್ಜಿ ಕೇಳಿದ್ದೂ, ಅಪ್ಪ ಹೇಳಿದ್ದೂ ಒಂದೇ ಪ್ರಶ್ನೆ ಅಂತ ನನಗೆ ಆಗ ಹೊಳೆಯಿತು. ವಾರಾನ್ನದಲ್ಲಿ ಮನೆಯಿತ್ತು, ಸಮಾನತೆ ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ಸಮಾನತೆ ಬಂತು, ಮನೆಯನ್ನು ಮಗುವೇ ಹೊರಗಿನಿಂದ ತರಬೇಕಾಯಿತು. ಮನೆ ಇದ್ದವನಿಗೆ ಹಾಸ್ಟೆಲ್ ಏಣಿ. ಮನೆಯೇ ಇಲ್ಲದವನಿಗೆ ಅದು ಹದಿನೆಂಟು ವರ್ಷಕ್ಕೆ ಮುಗಿದುಹೋಗುವ ಟಿಕೆಟ್ಟು.

ಸರ್ಕಾರದ ಬಾಲಮಂದಿರಗಳಲ್ಲೂ ಇದೇ ತೊಡಕು. ಹದಿನೆಂಟು ತುಂಬಿದ ದಿನ ಮಗು ಕಾಯ್ದೆಯ ಕಣ್ಣಲ್ಲಿ ಮಗುವಲ್ಲ. ಇಪ್ಪತ್ತೊಂದರವರೆಗೆ ಅನುಪಾಲನೆಗೆ ಅವಕಾಶ ಇದೆ, ಅದು ಎಲ್ಲರಿಗೂ ತಲುಪುವುದಿಲ್ಲ. ನಮ್ಮ ಮನೆಗಳಲ್ಲಿ ಇಪ್ಪತ್ತೆಂಟಕ್ಕೂ “ಊಟ ಮಾಡಿದ್ಯಾ?” ಅಂತ ಅಮ್ಮ ಫೋನ್ ಮಾಡುತ್ತಾರೆ. ಹದಿನೆಂಟರ ಹುಡುಗ ಒಂದು ಬ್ಯಾಗ್ ಹಿಡಿದು ಗೇಟಿನಾಚೆ ನಿಂತಾಗ ಅವನಿಗೆ ಯಾರು ಫೋನ್ ಮಾಡಬೇಕು?

ಮನೆಯನ್ನೇ ಮಗುವಿಗೆ ಕೊಡಬೇಕು ಅನ್ನುವ ಯೋಚನೆ ಹೊಸದಲ್ಲ. 1853ರಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಲೋರಿಂಗ್ ಬ್ರೇಸ್ ಅನ್ನುವವನು ಚಿಲ್ಡ್ರನ್ಸ್ ಏಡ್ ಸೊಸೈಟಿ ಕಟ್ಟಿದ. ಆಗ ಅವನಿಗೆ 26 ವರ್ಷ, ಹೆಚ್ಚುಕಡಿಮೆ ನಮ್ಮ ಗುಂಪಿನವರ ವಯಸ್ಸು. ಬೀದಿಯ ಮಕ್ಕಳನ್ನು ಅನಾಥಾಲಯದಲ್ಲಿ ಕೂಡಿಹಾಕಬಾರದು, ಒಳ್ಳೆಯ ಕುಟುಂಬದಲ್ಲಿ ಬೆಳೆಸಬೇಕು ಅಂತ ಅವನ ವಾದ. ಅಮೆರಿಕದ ಪೋಷಕತ್ವ ಪದ್ಧತಿಯ ಬೇರು ಅಲ್ಲಿದೆ. ಆದರೆ ಅವನು ಆರಿಸಿಕೊಂಡ ದಾರಿ ರೈಲು. 1854ರಿಂದ 1929ರವರೆಗೆ ಎರಡು ಲಕ್ಷದಷ್ಟು ಮಕ್ಕಳನ್ನು ಇಂಥ ರೈಲುಗಳಲ್ಲಿ ಪಶ್ಚಿಮದ ಹಳ್ಳಿಗಳಿಗೆ ಕಳಿಸಲಾಯಿತು. ಸ್ಟೇಷನ್‌ಗಳಲ್ಲಿ ಸಾಲಾಗಿ ನಿಲ್ಲಿಸಿ, ಬೇಕಾದವರು ಆರಿಸಿಕೊಂಡು ಹೋದರು. ಕೆಲವರಿಗೆ ನಿಜಕ್ಕೂ ಮನೆ ಸಿಕ್ಕಿತು. ಕೆಲವರು ಬಿಟ್ಟಿ ಕೂಲಿಯಾಳುಗಳಾದರು. ಆ ಮಕ್ಕಳಲ್ಲಿ ಬಹಳ ಮಂದಿ ಅನಾಥರೇ ಆಗಿರಲಿಲ್ಲ. ಅವರ ಅಪ್ಪನೋ ಅಮ್ಮನೋ ಬದುಕಿದ್ದರು, ಬಡವರಾಗಿದ್ದರು ಅಷ್ಟೆ. ಇದನ್ನು ಓದಿದಾಗ ನನಗೆ ನಮ್ಮ ಸ್ಪ್ರೆಡ್‌ಶೀಟ್ ನೆನಪಾಯಿತು. ನಾವೂ ಒಂದು ಸಣ್ಣ ರೈಲು ಬಿಡೋಕೆ ಹೊರಟಿದ್ವಿ.

ನಮ್ಮ ದೇಶದಲ್ಲಿ ಕಾಯ್ದೆ ನಿಧಾನಕ್ಕೆ ಮನೆಯ ಕಡೆ ತಿರುಗಿದೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ, ಮೊದಲ ದಾರಿಯಲ್ಲ. ಅದರ 44ನೇ ಸೆಕ್ಷನ್ ಪೋಷಕತ್ವದ ಬಗ್ಗೆ ಹೇಳುತ್ತದೆ. ಅಂದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ, ಒಂದು ಮಗು ತನ್ನದಲ್ಲದ ಕುಟುಂಬದಲ್ಲಿ ಸ್ವಲ್ಪ ಕಾಲವೋ ಬಹಳ ಕಾಲವೋ ಬೆಳೆಯುವುದು. ದತ್ತು ಬೇರೆ, ಇದು ಬೇರೆ. 2024ರ ಹೊಸ ಮಾದರಿ ಮಾರ್ಗಸೂಚಿ ಬಂದ ಮೇಲೆ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಇದಕ್ಕೆ ಅರ್ಜಿ ಹಾಕಬಹುದು.

ಇದಕ್ಕಿಂತ ಹೆಚ್ಚು ಮುಖ್ಯ ಅಂತ ನನಗೆ ಅನ್ನಿಸಿದ್ದು ಇದರ ಪಕ್ಕದಲ್ಲೇ ಇರುವ ಇನ್ನೊಂದು ಪದ: ಪ್ರಾಯೋಜಕತ್ವ. ಮಗುವನ್ನು ಎಲ್ಲಿಗೂ ಕಳಿಸದೆ, ಈಗಾಗಲೇ ಸಾಕುತ್ತಿರುವ ತಾಯಿಗೋ ಅಜ್ಜಿಗೋ ದುಡ್ಡಿನ ಆಸರೆ ಕೊಡುವುದು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಅದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಾದರೆ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು, ಬೇರೆ ಕಡೆ 96,000. ವಿಧವೆಯ ಮಕ್ಕಳು, ನೆಂಟರ ಮನೆಯಲ್ಲಿ ಬೆಳೆಯುತ್ತಿರುವ ಅನಾಥ ಮಕ್ಕಳು, ತಂದೆತಾಯಿಗೆ ಗಂಭೀರ ಕಾಯಿಲೆ ಇರುವ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ನಾಲ್ಕು ಸಾವಿರ ದೊಡ್ಡ ದುಡ್ಡಲ್ಲ ಅಂತ ನಿಮಗೆ ಅನ್ನಿಸಬಹುದು. ಇಬ್ಬರು ಇಂದಿರಾನಗರದಲ್ಲಿ ಒಂದು ಸಂಜೆ ಖರ್ಚು ಮಾಡುವಷ್ಟು. 1,200 ರೂಪಾಯಿ ಪಿಂಚಣಿಯ ಮನೆಗೆ ಅದು ಮೂರು ಪಟ್ಟಿಗಿಂತ ಹೆಚ್ಚು.

ಹಾಗಾದರೆ ನಮ್ಮಂಥ ವಾರಾಂತ್ಯದ ಹುಡುಗ ಹುಡುಗಿಯರಿಗೆ ಇದರಲ್ಲಿ ಏನು ಕೆಲಸ? ಇದಕ್ಕೂ ಚರಿತ್ರೆಯಲ್ಲಿ ಉತ್ತರ ಇದೆ. 1980ರಲ್ಲಿ ಬೆಂಗಳೂರಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಸಲೇಷಿಯನ್ ಸಭೆಯ ಕೆಲವು ತರುಣರು ಬೀದಿ ಮಕ್ಕಳನ್ನು ಅವರಿದ್ದ ಕಡೆಗೇ ಹುಡುಕಿಕೊಂಡು ಹೋದರು. ಶಿಬಿರ ಹಾಕಿ ಮಕ್ಕಳನ್ನು ಕರೆಯಲಿಲ್ಲ. ಬೀದಿಯಲ್ಲೇ ಅವರ ಸ್ನೇಹ ಮಾಡಿದರು. ಅದೇ ಬಾಸ್ಕೋ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಇನ್ನೂ ಇಪ್ಪತ್ತು ದಾಟದ ಹುಡುಗ. ಕಂಪನಿಗಳು ವೈದ್ಯರಿಗೆ ಕೊಡುವ ಔಷಧಿ ಸ್ಯಾಂಪಲ್‌ಗಳನ್ನು ಒಟ್ಟುಮಾಡಿ ಬಡ ರೋಗಿಗಳಿಗೆ ಕೊಡುವುದು ಅವರ ಆರಂಭದ ಕೆಲಸಗಳಲ್ಲಿ ಒಂದು. ಅಲ್ಲಿಗೇ ನಿಂತಿದ್ದರೆ ಅದೂ ನಮ್ಮ ನೋಟ್‌ಬುಕ್ಕು ಹಂಚಿಕೆಯ ಹಾಗೆಯೇ ಆಗುತ್ತಿತ್ತು. 1987ರಲ್ಲಿ ಅವರು ಹೆಗ್ಗಡದೇವನಕೋಟೆಯ ಬ್ರಹ್ಮಗಿರಿಗೆ, ಕಾಡಿನಿಂದ ಹೊರಬಿದ್ದ ಜೇನುಕುರುಬ, ಕಾಡುಕುರುಬ ಹಾಡಿಗಳ ನಡುವೆ ಬದುಕಲು ಹೋದರು. ಮರುವರ್ಷ ಅಲ್ಲಿ ದನದ ಕೊಟ್ಟಿಗೆಯಲ್ಲಿ ಶಾಲೆ ಶುರುವಾಯಿತು. 2006ರಲ್ಲಿ ಕೊಚ್ಚಿಯ ಕಾಲೇಜು ಹುಡುಗರು ಆರಂಭಿಸಿದ ಮೇಕ್ ಎ ಡಿಫರೆನ್ಸ್ ನಮ್ಮ ಬೆಂಗಳೂರು, ಮಂಗಳೂರಿಗೂ ಬಂದಿತು. ಆಶ್ರಯಧಾಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದರಿಂದ ಶುರು ಮಾಡಿದವರು, ಹದಿನೆಂಟು ದಾಟಿದ ಮೇಲೆ ಆ ಮಕ್ಕಳ ಗತಿಯೇನು ಅನ್ನುವ ಪ್ರಶ್ನೆಗೆ ಬಂದು ತಲುಪಿದರು.

ಮೂರರಲ್ಲೂ ನನಗೆ ಕಂಡದ್ದು ಒಂದೇ. ಶುರು ಮಾಡಿದಾಗ ಎಲ್ಲರೂ ನಮ್ಮ ಹಾಗೇ ಹುಡುಗರು, ನಮ್ಮ ಹಾಗೇ ಅರೆಬರೆ ತಿಳಿದವರು. ಆದರೆ ಮಗು ಇರುವ ಕಡೆಗೆ ಅವರು ಹೋದರು, ಬೇಗ ವಾಪಸ್ ಬರಲಿಲ್ಲ.

ನಾವು? ಮೂರು ವರ್ಷದಲ್ಲಿ ನಮ್ಮ ಎಂಟು ಜನರಲ್ಲಿ ಇಬ್ಬರು ಅಮೆರಿಕಕ್ಕೆ ಹೋದರು, ಒಬ್ಬ ಪುಣೆಗೆ. ಹೊಸಬರು ಬಂದರು. ಆ ಹುಡುಗ ನಮ್ಮಲ್ಲಿ ಯಾರ ಹೆಸರನ್ನೂ ಹಿಡಿದು ಕರೆಯುವುದಿಲ್ಲ ಅನ್ನುವುದನ್ನು ನಾನು ಗಮನಿಸಿದ್ದೆ. ನಾಚಿಕೆ ಅಂದುಕೊಂಡಿದ್ದೆ. ನಾಚಿಕೆಯಲ್ಲ, ಲೆಕ್ಕ. ತಿಂಗಳಿಗೊಂದು ಮುಖ ಬದಲಾದರೆ ಹೆಸರು ಕಲಿತು ಏನು ಪ್ರಯೋಜನ?

ಅಜ್ಜಿಯ ಮನೆಗೆ ಮತ್ತೆ ಹೋದೆ, ಈ ಸಲ ಅಪ್ಪನನ್ನೂ ಕರೆದುಕೊಂಡು. ಅಪ್ಪ ಜಗಲಿ ಮೇಲೆ ಕೂತು ಅಜ್ಜಿ ಜೊತೆ ಶೇಂಗಾ ಸುಲಿಯುತ್ತಾ ಅರ್ಧ ದಿನ ಮಾತಾಡಿದರು. ನಾವು ಮೂರು ವರ್ಷದಲ್ಲಿ ಕೇಳದೇ ಇದ್ದ ವಿಷಯವೆಲ್ಲ ಆಗ ಹೊರಬಂತು. ಅಜ್ಜಿ ಕೂಲಿಗೆ ಹೋದ ದಿನ ಹುಡುಗ ಸಂಜೆ ಮುದ್ದೆ ಉಣ್ಣುವುದು ಎದುರು ಮನೆಯಲ್ಲಿ. ಅಜ್ಜಿಗೆ ಮೈ ಸರಿ ಇಲ್ಲದಿದ್ದರೆ ಮಲಗುವುದು ಮೂಲೆಮನೆ ಸೊಸೆಯ ಮಕ್ಕಳ ಜೊತೆ. ತಲೆಕೂದಲು ಕತ್ತರಿಸಲು ಐಮಂಗಲಕ್ಕೆ ಬೈಕಿನಲ್ಲಿ ಕರೆದೊಯ್ಯುವವನು ಒಬ್ಬ ದೂರದ ಮಾವ. ನಾನು ಮನಸ್ಸಿನಲ್ಲೇ ಎಣಿಸಿದೆ. ಐದು ಮನೆ. ಏಳಿಲ್ಲ, ಆದರೆ ಐದಿವೆ. ನಾವು “ಯಾರೂ ಇಲ್ಲದ ಹುಡುಗ” ಅಂತ ಗುಂಪಿನಲ್ಲಿ ಬರೆದುಕೊಂಡಿದ್ದವನಿಗೆ ಐದು ಮನೆ ಇದ್ದವು.

ಇದನ್ನು ರಮ್ಯ ಮಾಡಬಾರದು. ಆ ಐದು ಮನೆಯಲ್ಲೂ ಬಡತನವೇ. ಅಜ್ಜಿಗೆ ವಯಸ್ಸಾಗಿದೆ. ಈ ಹಟ್ಟಿಯ ಆಚೆ ಇನ್ನೊಂದು ಕೇರಿಯ ಮಗುವಿಗೆ ಈ ಐದು ಮನೆಗಳೂ ಹೀಗೇ ಬಾಗಿಲು ತೆರೆಯುತ್ತಿದ್ದವಾ ಅಂತ ಕೇಳಿಕೊಂಡರೆ ನನಗೆ ಉತ್ತರ ಗೊತ್ತು. ವಾರಾನ್ನದ ಹೊಸ್ತಿಲು ಹಟ್ಟಿಯಲ್ಲೂ ಇದೆ. ಅದಕ್ಕೇ ಸರ್ಕಾರ ಬೇಕು, ಕಾಯ್ದೆ ಬೇಕು, ಜಾತಿ ಕೇಳದ ಹಾಸ್ಟೆಲ್ ಕೂಡ ಬೇಕು. ನೆರೆಮನೆಯ ಪ್ರೀತಿ ಯಾರಿಗೆ ಸಿಗುತ್ತದೆ ಅನ್ನುವುದು ಅದೃಷ್ಟ. ತಿಂಗಳಿಗೆ ನಾಲ್ಕು ಸಾವಿರ ಅದೃಷ್ಟವಾಗಬಾರದು, ಹಕ್ಕಾಗಬೇಕು.

ಸ್ಪ್ರೆಡ್‌ಶೀಟ್ ಅಳಿಸಿದ್ವಿ. ಅದರ ಬದಲು ಮಾಡಿದ್ದು ಬೋರು ಹೊಡೆಸುವ ಕೆಲಸ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ, ತಾಯಿಯ ಮರಣ ಪ್ರಮಾಣಪತ್ರ, ಶಾಲೆಯಿಂದ ವ್ಯಾಸಂಗ ಪತ್ರ, ಹುಡುಗನ ಹೆಸರಿಗೆ ಬ್ಯಾಂಕ್ ಖಾತೆ. ಆಮೇಲೆ ಚಿತ್ರದುರ್ಗಕ್ಕೆ ಹೋಗಿ ಪ್ರಾಯೋಜಕತ್ವಕ್ಕೆ ಅರ್ಜಿ. ಅಪ್ಪ ಕಾಗದದ ಮೇಲೆ ಬದುಕಿದ್ದಾನಾದ್ದರಿಂದ ಹುಡುಗ ಕಾಗದದ ಮೇಲೆ ಅನಾಥನಲ್ಲ. ಆದ್ದರಿಂದ ವಿಚಾರಣೆ ಆಗಬೇಕು, ಮನೆಗೆ ಬಂದು ನೋಡಿ ವರದಿ ಬರೆಯಬೇಕು. ಆ ಭೇಟಿ ಮುಗಿದಿದೆ, ಆದೇಶ ಇನ್ನೂ ಬಂದಿಲ್ಲ. ಇದರಲ್ಲಿ ಒಂದೂ ಫೋಟೋ ತೆಗೆಯುವಂಥದ್ದಲ್ಲ. ಆದರೆ ಅಜ್ಜಿ ಒಬ್ಬಳೇ ಇದನ್ನು ಮಾಡುವುದು ಸಾಧ್ಯವೇ ಇರಲಿಲ್ಲ. ಬಸ್ ಚಾರ್ಜು, ಕಳೆದುಕೊಂಡ ಕೂಲಿ, ಓದಲು ಬಾರದ ಫಾರಂ. ನಮ್ಮಂಥವರು ಬೇಕಾಗಿರುವುದು ಅಲ್ಲಿ.

ಎಂಟನೇ ಕ್ಲಾಸಿಗೆ ಅವನು ಐಮಂಗಲಕ್ಕೆ ಓಡಾಡುತ್ತಾನೆ. ಪಿಯುಸಿಗೆ ದುರ್ಗವೋ ಬೆಂಗಳೂರೋ, ಹಾಸ್ಟೆಲ್ ಬೇಕೇ ಬೇಕಾಗುತ್ತದೆ. ಆಗ ಹೋಗಲಿ, ಖರ್ಚಿಗೆ ನಾವಿದ್ದೀವಿ. ಅಷ್ಟು ಹೊತ್ತಿಗೆ ರಜಕ್ಕೆ ಬರಲು ಒಂದು ಜಾಗ ಗಟ್ಟಿಯಾಗಿರಬೇಕು. ಅಜ್ಜಿ ಇರದಿದ್ದರೆ ಯಾರ ಮನೆ ಅನ್ನುವುದನ್ನು ಅಪ್ಪ, ಅಜ್ಜಿ, ಎದುರು ಮನೆಯವರು ಕೂತು ಮಾತಾಡಿದ್ದಾರೆ. ಹುಡುಗನನ್ನೂ ಕೇಳಿದ್ದಾರೆ. ನಾವು ಅವನನ್ನು ಮೊದಲ ಸಲ ಕೇಳಿದ್ದು ಅದೇ ಅನ್ನುವುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಗುಂಪಿನ ನಿಯಮವನ್ನೂ ಬದಲಾಯಿಸಿದ್ವಿ. ಈಗ ಎಂಟು ಜನ ಸರದಿ ಮೇಲೆ ಹೋಗುವುದಿಲ್ಲ. ಅವನಿಗೆ ಅಂತ ಇಬ್ಬರು, ಅವರೇ, ಎರಡನೇ ಶನಿವಾರ, ಕನಿಷ್ಠ ಮೂರು ವರ್ಷ. ಅಷ್ಟು ಮಾತು ಕೊಡಲಾಗದವರು ದುಡ್ಡು ಕೊಡಬಹುದು, ಫಾರಂ ತುಂಬಬಹುದು. ಮಗುವಿನ ಸ್ನೇಹ ಮಾಡುವಂತಿಲ್ಲ. ಕೇಳೋಕೆ ಕಠಿಣ ಅನ್ನಿಸುತ್ತದೆ. ಬಿಟ್ಟುಹೋಗುವುದು ಅದಕ್ಕಿಂತ ಕಠಿಣ.

ನಿಮಗೆ ಗೊತ್ತಿರುವ ಒಂದು ಮಗು ಹೀಗಿದ್ದರೆ, ಎಲ್ಲಿಗಾದರೂ ಕರೆದೊಯ್ಯುವ ಮುಂಚೆ ಒಮ್ಮೆ ಆ ಮಗುವಿನ ಮನೆಗಳನ್ನು ಎಣಿಸಿ. ನಿಜಕ್ಕೂ ಒಂದೂ ಇಲ್ಲದಿದ್ದರೆ, ಇಲ್ಲಾ ಇರುವ ಮನೆಯೇ ಅಪಾಯವಾಗಿದ್ದರೆ, ನೀವೇ ನಿರ್ಧಾರ ತಗೋಬೇಡಿ, 1098ಕ್ಕೆ ಫೋನ್ ಮಾಡಿ. ಒಂದಾದರೂ ಇದ್ದರೆ, ಸಹಾಯ ಮೊದಲು ಆ ಮನೆಗೆ ಹೋಗಲಿ.

ಹೋದ ತಿಂಗಳು ನಮ್ಮ ಸರದಿ ಮುಗಿಸಿ ಹೊರಟಾಗ ಮಧ್ಯಾಹ್ನ ಮೂರಾಗಿತ್ತು. ಅಜ್ಜಿ ಬಿಡಲಿಲ್ಲ, ಉಂಡೇ ಹೋಗಬೇಕು ಅಂದಳು. ಮುದ್ದೆ, ಹುರುಳಿಕಾಳಿನ ಸಾರು. ಹುಡುಗ ನೀರಿನ ಚೊಂಬು ತಂದು ಇಟ್ಟ. ಒಳಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಎರಡನೇ ಶನಿವಾರಕ್ಕೆ ಯಾರೋ ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಯಾರು ಅಂತ ನಾನು ಕೇಳಲಿಲ್ಲ.